ದೋಣಿ ಸ್ಪರ್ಧೆಯ ದತ್ತು ಭೋಕನಾಳ್ ಮತ್ತು ಹದಿಮೂರರ ಲೆಕ್ಕ



ಈ ತಿಂಗಳ ಗೋಡೆ ಪತ್ರಿಕೆಗೆ ಒಬ್ಬ ಕ್ರೀಡಾಪಟುವಿನ ಬಗ್ಗೆ ಬರೆಯಲು ಹೇಳಿದ್ದಾರೆ. ಕ್ರಿಕೆಟ್ ಆಟಗಾರರ ಬಗ್ಗೆ ಈಗಾಗಲೇ ಮೂರು ಲೇಖನ ಅಂಟಿಸಿ ಆಗಿದೆ. ಅದಕ್ಕೆ ನಾನು ದತ್ತು ಬಬನ್ ಭೋಕನಾಳ್ ಅವರನ್ನು ಆರಿಸಿಕೊಂಡೆ. ಅವರು 2016ರಲ್ಲಿ ಬ್ರೆಜಿಲ್ ದೇಶದ ರಿಯೊ ನಗರದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ದೋಣಿ ಓಡಿಸಿ ಹದಿಮೂರನೇ ಸ್ಥಾನ ಪಡೆದವರು. ಇದನ್ನು ಕೇಳಿ ನನ್ನ ಪಕ್ಕದ ಬೆಂಚಿನವನು, "ಹದಿಮೂರನೇ ನಂಬರ್ ಬಂದವರ ಬಗ್ಗೆ ಏನ್ ಬರೀತಿಯೋ, ಮೆಡಲ್ ಗೆದ್ದವರು ಯಾರೂ ಸಿಗಲಿಲ್ಲೇನು?" ಅಂದ. ದತ್ತು ಅವರು ಮೆಡಲನ್ನೂ ಗೆದ್ದಿದ್ದಾರೆ, ಚಿನ್ನದ್ದೇ ಗೆದ್ದಿದ್ದಾರೆ. ಅದು ಆಮೇಲೆ ಬರುತ್ತದೆ. ಆದರೆ ನನಗೆ ತಿಳಿಯಬೇಕು ಅನ್ನಿಸಿದ್ದು ಆ ಹದಿಮೂರು ಹೇಗೆ ಬಂತು ಅನ್ನುವುದೇ.

ದತ್ತು ಅವರು 1991ರ ಏಪ್ರಿಲ್ 5ರಂದು ಹುಟ್ಟಿದರು. ಊರು ಮಹಾರಾಷ್ಟ್ರದ ನಾಸಿಕ್ ಜಿಲ್ಲೆ, ಚಾಂದವಡ ತಾಲ್ಲೂಕಿನ ತಳೇಗಾಂವ್ ರೋಹಿ. ನಾಸಿಕ್ ಜಿಲ್ಲೆ ಅಂದಕೂಡಲೇ ನಮಗೆ ಉಳ್ಳಾಗಡ್ಡಿ, ದ್ರಾಕ್ಷಿ ನೆನಪಾಗುತ್ತದೆ. ಗೋದಾವರಿ ಹುಟ್ಟುವ ಜಿಲ್ಲೆಯೂ ಅದೇ. ಆದರೆ ಚಾಂದವಡದ ಕಡೆ ಬರ ಬೀಳುವ ಸೀಮೆ. ಮಳೆ ಕೈಕೊಟ್ಟರೆ ಅಲ್ಲಿಯೂ ನಮ್ಮಲ್ಲಿಯ ಹಾಗೇ ಟ್ಯಾಂಕರ್ ದಾರಿ ಕಾಯಬೇಕು. ಇಂಥ ಕಡೆ ಹುಟ್ಟಿದವರು ದೋಣಿಯ ಆಟದಲ್ಲಿ ಹೆಸರು ಮಾಡಿದರು ಅನ್ನುವುದು ಮೊದಲನೇ ಆಶ್ಚರ್ಯ.

ಅವರ ಮನೆಯವರು ಕೂಲಿ ಕೆಲಸದವರು. ತಂದೆಯ ಜೊತೆ ದತ್ತು ಅವರೂ ಬಾವಿ ತೋಡುವ ಕೆಲಸಕ್ಕೆ ಹೋಗುತ್ತಿದ್ದರು. ಪೆಟ್ರೋಲ್ ಬಂಕಿನಲ್ಲಿಯೂ ದುಡಿದಿದ್ದಾರೆ. ಬಾವಿ ತೋಡುವುದು ಎಂಥ ಕೆಲಸ ಅಂತ ನಮ್ಮ ಊರಿನವರಿಗೆ ಬೇರೆ ಹೇಳಬೇಕಿಲ್ಲ. ಮೇಲಿನ ಮಣ್ಣು ಇರುವವರೆಗೆ ಗುದ್ದಲಿ ಸಾಕು. ಆಮೇಲೆ ಗರಸು, ಅದರ ಕೆಳಗೆ ಕಲ್ಲು. ಹಾರೆ ಹಾಕಿ ಎಬ್ಬಿಸಬೇಕು, ಬಗ್ಗಿ ಬುಟ್ಟಿ ತುಂಬಬೇಕು, ಮೇಲಕ್ಕೆ ಎತ್ತಬೇಕು. ಒಳಗೆ ಗಾಳಿ ಆಡುವುದಿಲ್ಲ. ಬಗ್ಗಿದಾಗಲೂ ಎದ್ದಾಗಲೂ ಭಾರವೆಲ್ಲ ಕಾಲು ಮತ್ತು ಬೆನ್ನಿನ ಮೇಲೇ ಬೀಳುತ್ತದೆ. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2011ರಲ್ಲಿ ತಂದೆ ತೀರಿಕೊಂಡರು. ಮನೆಗೆ ಹಿರಿಯ ಮಗ ಇವರೇ. 2012ರಲ್ಲಿ ಸೈನ್ಯಕ್ಕೆ ಸೇರಿದರು. ಆಟ ಆಡಬೇಕು ಅಂತ ಸೇರಿದ್ದಲ್ಲ, ಸಂಬಳ ಬರುತ್ತದೆ ಅಂತ ಸೇರಿದ್ದು. ಸೇರಿದ್ದು ಪುಣೆಯ ಬಾಂಬೆ ಎಂಜಿನಿಯರ್ ಗ್ರೂಪಿಗೆ. ಸೈನ್ಯದಲ್ಲಿ ಎಂಜಿನಿಯರ್ ಪಡೆಯವರ ಕೆಲಸ ರಸ್ತೆ ಮಾಡುವುದು, ನದಿಗೆ ಸೇತುವೆ ಕಟ್ಟುವುದು, ಸೈನಿಕರನ್ನು ನೀರು ದಾಟಿಸುವುದು. ಅದಕ್ಕೇ ಆ ಪಡೆಗಳಲ್ಲಿ ದೋಣಿಯ ಅಭ್ಯಾಸ ಇರುತ್ತದೆ. ನಮ್ಮ ಬೆಂಗಳೂರಿನಲ್ಲಿಯೂ ಹಲಸೂರು ಕೆರೆಯ ದಂಡೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ. ದತ್ತು ಅವರು ಎತ್ತರದ ಆಳು. ಉದ್ದ ಕೈಕಾಲು ಇದ್ದವರು ಒಂದೊಂದು ಎಳೆತದಲ್ಲಿ ದೋಣಿಯನ್ನು ಹೆಚ್ಚು ದೂರ ಒಯ್ಯುತ್ತಾರೆ. ಪುಣೆಯಲ್ಲಿ ಕುದ್ರತ್ ಅಲಿ ಎಂಬ ತರಬೇತುದಾರರು ಅವರನ್ನು ಈ ಆಟಕ್ಕೆ ತೆಗೆದುಕೊಂಡರು. ಮೊದಮೊದಲು ನೀರು ಅಂದರೆ ಹೆದರಿಕೆ ಆಗುತ್ತಿತ್ತು ಎಂದು ದತ್ತು ಅವರೇ ಹೇಳಿಕೊಂಡಿದ್ದಾರೆ. ಆಗ ಅವರ ವಯಸ್ಸು 21. ನಾವು ಈಗ 13ರಲ್ಲಿಯೇ "ನಮಗೆ ಆಟ ಕಲಿಯೋ ವಯಸ್ಸು ದಾಟಿತು" ಅನ್ನುತ್ತೇವೆ.

ಇನ್ನು ಆಟದ ಬಗ್ಗೆ. ಇದಕ್ಕೆ ರೋಯಿಂಗ್ ಅನ್ನುತ್ತಾರೆ. ದೋಣಿ ಅಂದಕೂಡಲೇ ನಿಮಗೆ ನದಿಯ ಹರಿಗೋಲು ಕಣ್ಣಿಗೆ ಬಂದರೆ ಅದನ್ನು ಸ್ವಲ್ಪ ಬದಿಗಿಡಿ. ಹರಿಗೋಲು ಬುಟ್ಟಿಯ ಹಾಗೆ ದುಂಡಗೆ ಇರುತ್ತದೆ, ನಡೆಸುವವರು ಮುಂದೆ ನೋಡುತ್ತಾರೆ. ಸ್ಪರ್ಧೆಯ ದೋಣಿ ಇದಕ್ಕೆ ಪೂರ್ತಿ ಉಲ್ಟಾ. ಒಬ್ಬರೇ ಕೂತು ಎರಡು ಹುಟ್ಟು ಹಾಕುವ ದೋಣಿಗೆ ಸಿಂಗಲ್ ಸ್ಕಲ್ ಎಂದು ಹೆಸರು. ಅದರ ಉದ್ದ ಸುಮಾರು 8 ಮೀಟರ್, ಅಂದರೆ ನಮ್ಮ ಏಳನೇ ತರಗತಿಯ ಕೋಣೆಗಿಂತ ಉದ್ದ. ಅಗಲ ಮಾತ್ರ ಒಬ್ಬರು ಕೂರುವಷ್ಟೂ ಸರಿಯಾಗಿ ಇಲ್ಲ, ಸುಮಾರು ಒಂದು ಅಡಿ. ತೂಕ 14 ಕಿಲೋಗಿಂತ ಕಡಿಮೆ ಇರಬಾರದು ಅಂತ ನಿಯಮ. ಇಷ್ಟು ಸಣ್ಣಗೆ, ಇಷ್ಟು ಹಗುರ ಇದ್ದರೆ ಅದು ತಾನಾಗಿ ನಿಲ್ಲುವುದೇ ಇಲ್ಲ. ಎರಡೂ ಕಡೆ ಚಾಚಿದ ಹುಟ್ಟುಗಳೇ ಅದನ್ನು ಮಗುಚದ ಹಾಗೆ ಹಿಡಿದಿರುತ್ತವೆ. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವವರ ಕೈಯಲ್ಲಿ ಉದ್ದ ಗಳ ಇರುತ್ತದಲ್ಲ, ಹಾಗೆ.

ಆಟಗಾರ ದೋಣಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾನೆ. ಗುರಿ ಕಾಣುವುದಿಲ್ಲ, ಹಿಂದೆ ಬಿಟ್ಟವರು ಮಾತ್ರ ಕಾಣುತ್ತಾರೆ. ಅಂದರೆ ಮುಂದಿರುವವನಿಗೆ ಎಲ್ಲರೂ ಕಾಣುತ್ತಾರೆ, ಕೊನೆಯವನಿಗೆ ಯಾರೂ ಕಾಣುವುದಿಲ್ಲ. ಇದು ನನಗೆ ಬಹಳ ವಿಚಿತ್ರ ಅನ್ನಿಸಿತು.

ಕೂರುವ ಪೀಠ ಗಟ್ಟಿಯಾಗಿ ನಿಂತಿರುವುದಿಲ್ಲ. ಅದಕ್ಕೆ ಸಣ್ಣ ಗಾಲಿಗಳಿವೆ, ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಪಾದಗಳನ್ನು ಮಾತ್ರ ದೋಣಿಗೇ ಜೋಡಿಸಿದ ಶೂ ಒಳಗೆ ಬಿಗಿದಿರುತ್ತಾರೆ. ಮೊಣಕಾಲು ಎದೆಯವರೆಗೆ ಮಡಚಿ, ಕೈ ಚಾಚಿ, ಹುಟ್ಟಿನ ಎಲೆಯನ್ನು ನೀರಿಗೆ ಇಳಿಸುತ್ತಾರೆ. ಆಮೇಲೆ ಕಾಲಿನಿಂದ ಜೋರಾಗಿ ಒದೆಯುತ್ತಾರೆ. ಪೀಠ ಹಿಂದೆ ಸರಿಯುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಕೊನೆಗೆ ಕೈ ಹುಟ್ಟನ್ನು ಹೊಟ್ಟೆಯ ಹತ್ತಿರಕ್ಕೆ ಎಳೆಯುತ್ತದೆ. ಎಲೆ ನೀರಿನಿಂದ ಮೇಲೆ, ಮತ್ತೆ ಮೆಲ್ಲಗೆ ಮುಂದಕ್ಕೆ. ನೋಡುವವರಿಗೆ ಇದು ಕೈಯ ಆಟ. ನಿಜವಾಗಿ ಬಲದ ಹೆಚ್ಚಿನ ಪಾಲು ಕಾಲಿನದು, ಆಮೇಲೆ ಬೆನ್ನಿನದು, ಕೊನೆಗೆ ಕೈಯದು. ಬಾವಿಯೊಳಗೆ ಬುಟ್ಟಿ ಎತ್ತುವಾಗಲೂ ಇದೇ ಕ್ರಮ. ನೆನಪಿನಲ್ಲಿ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

ವಿಜ್ಞಾನದ ಪಾಠದಲ್ಲಿ ಸನ್ನೆಗಳನ್ನು ಓದಿದ್ದೇವೆ. ಹುಟ್ಟು ಯಾವ ವರ್ಗದ ಸನ್ನೆ? ಹುಟ್ಟನ್ನು ದೋಣಿಗೆ ಸೇರಿಸಿದ ಕೊಂಡಿಯೇ ಆಧಾರ ಬಿಂದು, ಆದ್ದರಿಂದ ಮೊದಲನೇ ವರ್ಗ, ಅಂತ ನನಗೆ ತೋಚಿತ್ತು. ಸರ್ ಹೇಳಿದರು: "ನೀನು ದೋಣಿಯಲ್ಲಿ ಕೂತು ನೋಡಿದರೆ ಹಾಗೆ ಕಾಣ್ತದ. ದಂಡಿ ಮೇಲೆ ನಿಂತು ನೋಡು." ದಂಡೆಯಿಂದ ನೋಡಿದರೆ ಹುಟ್ಟಿನ ಎಲೆ ನೀರಿನಲ್ಲಿ ಬಹುತೇಕ ಒಂದೇ ಕಡೆ ನಿಂತಿರುತ್ತದೆ, ದೋಣಿಯೇ ಅದನ್ನು ದಾಟಿ ಹೋಗುತ್ತದೆ. ಆಗ ನೀರು ಆಧಾರ, ನಡುವೆ ಇರುವ ದೋಣಿ ಭಾರ, ಕೈ ಇರುವ ತುದಿಯಲ್ಲಿ ಬಲ. ಇದು ಎರಡನೇ ವರ್ಗ, ಅಜ್ಜಿಯ ಅಡಕೊತ್ತಿನ ಹಾಗೆ. (ಚಿತ್ರದಲ್ಲಿ ಎರಡನ್ನೂ ಬಿಡಿಸಿದ್ದೇನೆ. ನೀಲಿ ಬಣ್ಣ ಮುಗಿದದ್ದರಿಂದ ನೀರು ಹಸಿರು ಆಗಿದೆ.)

ಸ್ಪರ್ಧೆಯ ದೂರ 2000 ಮೀಟರ್. ನಿಮಿಷಕ್ಕೆ ಮೂವತ್ತಕ್ಕಿಂತ ಹೆಚ್ಚು ಸಲ ಎಳೆಯಬೇಕು. ಆರು ಏಳು ನಿಮಿಷದಲ್ಲಿ ಇನ್ನೂರು ಚಿಲ್ಲರೆ ಎಳೆತ, ನಡುವೆ ಒಂದೂ ಬಿಡುವಿಲ್ಲ.

ಈ ಆಟವನ್ನು ದತ್ತು ಅವರು ಕಲಿತ ವೇಗ ನೋಡಿ. 2012ರಲ್ಲಿ ಸೈನ್ಯಕ್ಕೆ ಸೇರಿದವರು 2015ರಲ್ಲಿ ಚೀನಾದ ಬೀಜಿಂಗ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನ ಸಿಂಗಲ್ ಸ್ಕಲ್ಸ್‌ನಲ್ಲಿ ಬೆಳ್ಳಿ ಪದಕ ತಂದರು. 2016ರ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾದ ಚುಂಗ್ಜು ಎಂಬಲ್ಲಿ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಆ ವರ್ಷ ಭಾರತದಿಂದ ರಿಯೊಗೆ ಹೋದ ರೋಯಿಂಗ್ ಆಟಗಾರ ಇವರೊಬ್ಬರೇ. ಆದರೆ ಅದೇ ವರ್ಷ ಅವರ ತಾಯಿಗೆ ಅಪಘಾತವಾಗಿ ತಲೆಗೆ ಪೆಟ್ಟು ಬಿದ್ದಿತ್ತು. ಮಗ ಒಲಿಂಪಿಕ್ಸ್‌ಗೆ ಹೊರಟಿದ್ದಾನೆ ಅನ್ನುವುದು ತಿಳಿಯುವ ಸ್ಥಿತಿಯಲ್ಲಿ ಆ ತಾಯಿ ಇರಲಿಲ್ಲ. ಇದನ್ನು ಓದಿದಾಗ ನಾನು ಪೇಪರನ್ನು ಸ್ವಲ್ಪ ಹೊತ್ತು ಮಡಚಿ ಇಟ್ಟೆ.

ಈಗ ಹದಿಮೂರರ ಲೆಕ್ಕಕ್ಕೆ ಬರೋಣ. ರಿಯೊದಲ್ಲಿ ಪುರುಷರ ಸಿಂಗಲ್ ಸ್ಕಲ್ಸ್‌ಗೆ 32 ದೇಶಗಳ 32 ಜನ ಇದ್ದರು. ಎಲ್ಲರನ್ನೂ ಒಟ್ಟಿಗೆ ಬಿಡಲು ಬರುವುದಿಲ್ಲ, ನೀರಿನಲ್ಲಿ ಆರು ಸಾಲು ಮಾತ್ರ. ಆದ್ದರಿಂದ ಮೊದಲ ಸುತ್ತು, ಅದರಲ್ಲಿ ಹಿಂದೆ ಬಿದ್ದವರಿಗೆ ಇನ್ನೊಂದು ಅವಕಾಶ, ಆಮೇಲೆ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್. ಫೈನಲ್ ಕೂಡ ಒಂದಲ್ಲ. ಎ ಫೈನಲ್‌ನ ಆರು ಜನರಿಗೆ 1ರಿಂದ 6ನೇ ಸ್ಥಾನ, ಬಿ ಫೈನಲ್‌ನ ಆರು ಜನರಿಗೆ 7ರಿಂದ 12, ಸಿ ಫೈನಲ್‌ನವರಿಗೆ 13ರಿಂದ 18, ಹೀಗೆ.

ದತ್ತು ಅವರು ಮೊದಲ ಸುತ್ತಿನಲ್ಲಿ ಮೂರನೆಯವರಾಗಿ ನೇರವಾಗಿ ಕ್ವಾರ್ಟರ್ ಫೈನಲ್‌ಗೆ ಹೋದರು. ಅಲ್ಲಿ ಆರು ಜನರಲ್ಲಿ ಮೊದಲ ಮೂವರಿಗೆ ಮಾತ್ರ ಮೇಲಿನ ದಾರಿ. ಇವರು ನಾಲ್ಕನೆಯವರಾದರು. ಸಮಯ 6 ನಿಮಿಷ 59.89 ಸೆಕೆಂಡು. ಆ ಒಂದು ಸ್ಥಾನ ತಪ್ಪಿದ್ದಕ್ಕೆ ಎ ಮತ್ತು ಬಿ ಎರಡೂ ಬಾಗಿಲು ಮುಚ್ಚಿಹೋದವು. ಇನ್ನು ಎಷ್ಟೇ ಜೋರಾಗಿ ಎಳೆದರೂ 13ಕ್ಕಿಂತ ಮೇಲೆ ಹೋಗಲು ನಿಯಮದಲ್ಲಿ ಜಾಗ ಇಲ್ಲ. ಗಣಿತದ ಭಾಷೆಯಲ್ಲಿ ಹೇಳಿದರೆ, ಅವರಿಗೆ ಉಳಿದಿದ್ದ ಸಂಖ್ಯೆಗಳು 13ರಿಂದ 24. ಅವರು ಅದರಲ್ಲಿ ಅತಿ ಚಿಕ್ಕ ಸಂಖ್ಯೆಯನ್ನು ತೆಗೆದುಕೊಂಡರು. ಸಿ ಫೈನಲ್‌ನಲ್ಲಿ ಮೊದಲನೆಯವರಾಗಿ ಬಂದರು. ಸಮಯ 6 ನಿಮಿಷ 54.96 ಸೆಕೆಂಡು.

ಅಂದರೆ ಒಲಿಂಪಿಕ್ಸ್‌ನಲ್ಲಿ ಅವರ ಕೊನೆಯ ಓಟದಲ್ಲಿ ಅವರ ಮುಂದೆ ಯಾರೂ ಇರಲಿಲ್ಲ, ಕೂತ ಜಾಗದಿಂದ ಐದೂ ದೋಣಿ ಕಾಣುತ್ತಿದ್ದವು. ಪಟ್ಟಿಯಲ್ಲಿ ಮಾತ್ರ 13. ಪಕ್ಕದ ಬೆಂಚಿನವನಿಗೆ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. "ಹಂಗಾದ್ರ ಪದಕ ಇಲ್ಲ ಅಂತ ಗೊತ್ತಿದ್ದೂ ಯಾಕ ಅಷ್ಟು ಎಳೆದರು?" ಅಂತ ಕೇಳಿದ. ಅವನು ಕೇಳಿದ್ದು ಒಳ್ಳೆಯ ಪ್ರಶ್ನೆಯೇ. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನ ಇದೇ ಸ್ಪರ್ಧೆಯಲ್ಲಿ ಭಾರತದ ಸವರ್ಣ್ ಸಿಂಗ್ 16ನೆಯವರಾಗಿದ್ದರು, 2008ರಲ್ಲಿ ಬೀಜಿಂಗ್‌ನಲ್ಲಿ ಬಜರಂಗ್ ಲಾಲ್ ತಾಖರ್ 21ನೆಯವರು. 21, 16, 13. ಪದಕ ಇಲ್ಲದಿದ್ದರೂ ಈ ಸಾಲು ಇದೆ. ದತ್ತು ಅವರ ಮನಸ್ಸಿನಲ್ಲಿ ಇದೇ ಇತ್ತು ಅಂತ ನಾನು ಹೇಳಲಾರೆ. ಸಾಲು ಇದ್ದದ್ದು ಮಾತ್ರ ನಿಜ.

ಸಮಯದ ಬಗ್ಗೆಯೂ ಒಂದು ಲೆಕ್ಕ ಮಾಡಿದೆ. ಮೊದಲ ಸುತ್ತಿನಲ್ಲಿ ಅವರಿಗೆ 7 ನಿಮಿಷ 21.67 ಸೆಕೆಂಡು ಹಿಡಿದಿತ್ತು. ಸಿ ಫೈನಲ್‌ಗಿಂತ 26.71 ಸೆಕೆಂಡು ಹೆಚ್ಚು. ಸಿ ಫೈನಲ್‌ನ ವೇಗದಲ್ಲಿ ಇದು ಸುಮಾರು 129 ಮೀಟರ್ ಆಗುತ್ತದೆ. ಅದೇ ಮನುಷ್ಯ, ಅದೇ ಕೆರೆ, ಒಂದೇ ವಾರ. ವ್ಯತ್ಯಾಸಕ್ಕೆ ದೊಡ್ಡ ಕಾರಣ ಗಾಳಿ. ಆ ಕೆರೆಯ ಮೇಲೆ ಗಾಳಿ ಎಷ್ಟಿತ್ತು ಅಂದರೆ ಎರಡನೇ ದಿನದ ಸ್ಪರ್ಧೆಗಳನ್ನೇ ನಿಲ್ಲಿಸಿ ಮುಂದೆ ಹಾಕಿದರು. ಆದ್ದರಿಂದ ಈ ಆಟದಲ್ಲಿ ಒಂದು ದಿನದ ಸಮಯವನ್ನು ಇನ್ನೊಂದು ದಿನದ ಸಮಯದೊಂದಿಗೆ ಹೋಲಿಸಿದರೆ ಮೋಸಹೋಗುತ್ತೇವೆ. ಓಟದ ಮೈದಾನದ ಹಾಗೆ ನೀರು ಒಂದೇ ತರಹ ಇರುವುದಿಲ್ಲ.

ಎ ಫೈನಲ್‌ನ ಕಥೆ ಇನ್ನೂ ಮಜಾ ಇದೆ, ಬಿಡಲು ಮನಸ್ಸಾಗದು. ನ್ಯೂಜಿಲೆಂಡಿನ ಮಾಹೆ ಡ್ರೈಸ್‌ಡೇಲ್ ಮತ್ತು ಕ್ರೊಯೇಷಿಯಾದ ದಾಮಿರ್ ಮಾರ್ಟಿನ್ ಇಬ್ಬರ ಸಮಯವೂ 6 ನಿಮಿಷ 41.34 ಸೆಕೆಂಡು. ನೂರನೇ ಒಂದು ಸೆಕೆಂಡು ಕೂಡ ವ್ಯತ್ಯಾಸವಿಲ್ಲ. ಆ ವೇಗದಲ್ಲಿ ನೂರನೇ ಒಂದು ಸೆಕೆಂಡಿಗೆ ದೋಣಿ ಹೋಗುವುದು ಸುಮಾರು 5 ಸೆಂಟಿಮೀಟರ್, ನಮ್ಮ ಕಂಪಾಸಿನ ಸಣ್ಣ ಸ್ಕೇಲಿನ ಮೂರನೇ ಒಂದು ಭಾಗ. ಫೋಟೊ ನೋಡಿ ಡ್ರೈಸ್‌ಡೇಲ್‌ಗೆ ಚಿನ್ನ ಕೊಟ್ಟರು. ಎರಡು ಕಿಲೋಮೀಟರ್ ಎಳೆದು ಸ್ಕೇಲಿನಲ್ಲಿ ಅಳೆಯುವಷ್ಟರಲ್ಲಿ ಚಿನ್ನ ತಪ್ಪಿದ ಮಾರ್ಟಿನ್ ಅವರಿಗೆ ಆ ರಾತ್ರಿ ನಿದ್ದೆ ಬಂದಿರುತ್ತದೋ ಇಲ್ಲವೋ.

ಇನ್ನು 2018. ಏಷ್ಯನ್ ಕ್ರೀಡಾಕೂಟ ಇಂಡೊನೇಷ್ಯಾದಲ್ಲಿ ನಡೆಯಿತು, ರೋಯಿಂಗ್ ಪಾಲೆಂಬಾಂಗ್ ಎಂಬ ಊರಿನಲ್ಲಿ. ದತ್ತು ಅವರು ಸಿಂಗಲ್ ಸ್ಕಲ್ಸ್‌ನಲ್ಲಿಯೂ ಇದ್ದರು, ನಾಲ್ವರ ದೋಣಿಯಲ್ಲಿಯೂ ಇದ್ದರು. ನಾಲ್ವರು ಕೂತು ಎಂಟು ಹುಟ್ಟು ಹಾಕುವುದಕ್ಕೆ ಕ್ವಾಡ್ರಪಲ್ ಸ್ಕಲ್ಸ್ ಅನ್ನುತ್ತಾರೆ. ಸಿಂಗಲ್ ಸ್ಕಲ್ಸ್ ಫೈನಲ್‌ನಲ್ಲಿ ಎಲ್ಲರೂ ಅವರ ಮೇಲೆ ಆಸೆ ಇಟ್ಟಿದ್ದರು. ಮೈ ಹುಷಾರಿಲ್ಲದೆ ಅವರು ಕೊನೆಯವರಾದರು. ಭಾರತದ ಪಾಳಯದಲ್ಲಿ ಎಲ್ಲರೂ ಸಪ್ಪಗಾದರು.

ಮರುದಿನ ಆಗಸ್ಟ್ 24. ಸವರ್ಣ್ ಸಿಂಗ್, ದತ್ತು ಭೋಕನಾಳ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್, ಈ ನಾಲ್ವರೂ ಒಂದೇ ದೋಣಿಯಲ್ಲಿ. ಲಂಡನ್‌ನಲ್ಲಿ 16ನೆಯವರಾದವರೂ ರಿಯೊದಲ್ಲಿ 13ನೆಯವರಾದವರೂ ಒಬ್ಬರ ಹಿಂದೆ ಒಬ್ಬರು ಕೂತಿದ್ದರು. ನಾಲ್ವರ ದೋಣಿಯಲ್ಲಿ ಒಬ್ಬರೇ ಬಹಳ ಜೋರು ಇದ್ದರೆ ಉಪಯೋಗವಿಲ್ಲ. ಎಂಟು ಎಲೆಗಳೂ ಒಂದೇ ಕ್ಷಣಕ್ಕೆ ನೀರಿಗೆ ಇಳಿಯಬೇಕು, ಒಂದೇ ಕ್ಷಣಕ್ಕೆ ಏಳಬೇಕು. ಒಂದು ತಪ್ಪಿದರೂ ದೋಣಿ ಆ ಕಡೆ ವಾಲುತ್ತದೆ. ಹಿಂದಿನ ದಿನ ಬಿದ್ದ ಮನುಷ್ಯ ಇವತ್ತು ಆ ತಾಳ ಹಿಡಿಯಬೇಕಿತ್ತು. ಹಿಡಿದರು. 6 ನಿಮಿಷ 17.13 ಸೆಕೆಂಡಿನಲ್ಲಿ ಚಿನ್ನ ಬಂತು. ಏಷ್ಯನ್ ಕ್ರೀಡಾಕೂಟದ ರೋಯಿಂಗ್‌ನಲ್ಲಿ ಭಾರತಕ್ಕೆ ಇದು ಎರಡನೇ ಚಿನ್ನ. ಮೊದಲನೆಯದು 2010ರಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ ಬಜರಂಗ್ ಲಾಲ್ ತಾಖರ್ ಅವರು ಗೆದ್ದದ್ದು. ಅವರೂ ಸೈನಿಕರೇ. ಅವರ ಊರು ಇರುವುದು ರಾಜಸ್ಥಾನದಲ್ಲಿ! ನೀರಿಲ್ಲದ ಸೀಮೆಯವರೇ ನಮ್ಮ ದೇಶಕ್ಕೆ ನೀರಿನ ಮೇಲಿನ ಚಿನ್ನ ತಂದದ್ದು ನೋಡಿ ನಮ್ಮ ಸಮಾಜ ವಿಜ್ಞಾನದ ಅಕ್ಕೋರು ಬಹಳ ನಕ್ಕರು. ಆದರೆ ಕಾರಣ ಕಷ್ಟದ್ದಲ್ಲ. ಕೆರೆ ನದಿ ಎಲ್ಲ ಕಡೆ ಇವೆ, ಇಂಥ ದೋಣಿ ಮಾತ್ರ ಸೈನ್ಯದ ಹತ್ತಿರ ಇವೆ. ಅವುಗಳ ಬೆಲೆ ಲಕ್ಷಗಳಲ್ಲಿ. ಹೊಳೆಯ ದಂಡೆಯ ಹುಡುಗನಿಗೂ ಸಿಗುವುದಿಲ್ಲ, ಬರದ ಊರಿನ ಹುಡುಗನಿಗೂ ಸಿಗುವುದಿಲ್ಲ. ಸೈನ್ಯಕ್ಕೆ ಸೇರಿದವನಿಗೆ ಸಿಗುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಚೆನ್ನಾಗಿ ಮುಗಿಯುತ್ತಿತ್ತು. ಆದರೆ 2019ರ ಮಾರ್ಚ್‌ನಲ್ಲಿ ಭಾರತೀಯ ರೋಯಿಂಗ್ ಫೆಡರೇಷನ್ ದತ್ತು ಅವರ ಮೇಲೆ ಎರಡು ವರ್ಷದ ನಿಷೇಧ ಹಾಕಿತು. ಪಾಲೆಂಬಾಂಗ್‌ನ ಸಿಂಗಲ್ ಸ್ಕಲ್ಸ್‌ನಲ್ಲಿ ಅವರು ಬೇಕಂತಲೇ ನಡುವೆ ಹುಟ್ಟು ಹಾಕುವುದನ್ನು ನಿಲ್ಲಿಸಿದರು ಎಂಬುದು ಫೆಡರೇಷನ್ನಿನ ಮಾತು. ಹುಷಾರಿರಲಿಲ್ಲ, ಅದಕ್ಕೇ ಆಗಲಿಲ್ಲ ಎಂಬುದು ದತ್ತು ಅವರ ಮಾತು. 2020ರ ಜನವರಿಯಲ್ಲಿ ನಿಷೇಧವನ್ನು ತೆಗೆದರು. ಅದೇ ವರ್ಷ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಒಂದು ವರ್ಷ ಶಿಕ್ಷೆ, ಮುಂದಿನ ವರ್ಷ ಪ್ರಶಸ್ತಿ.

ಈ ಭಾಗ ಬರೆಯಬೇಕೋ ಬೇಡವೋ ಅಂತ ನಾವು ತರಗತಿಯಲ್ಲಿ ಮಾತಾಡಿದೆವು. ಕೆಲವರು ಬೇಡ ಅಂದರು, ಚಲೋ ಕಾಣುವುದಿಲ್ಲ ಅಂತ. ನನ್ನ ಅಭಿಪ್ರಾಯ ಬೇರೆ. ಆ ದಿನ ಅವರ ಮೈಯಲ್ಲಿ ಶಕ್ತಿ ಎಷ್ಟು ಉಳಿದಿತ್ತು ಅಂತ ದಂಡೆಯ ಮೇಲಿಂದ ಅಥವಾ ವಿಡಿಯೊದಿಂದ ಅಳೆಯುವುದು ಹೇಗೆ? ಮರುದಿನ ಗೆದ್ದಿದ್ದರಿಂದಲೇ ಹಿಂದಿನ ದಿನ ಬೇಕಂತ ಬಿಟ್ಟಿದ್ದರು ಅಂತ ಒಬ್ಬರು ವಾದ ಮಾಡಬಹುದು. ಮರುದಿನ ಜೊತೆಗೆ ಮೂವರಿದ್ದರು, ಭಾರ ಹಂಚಿಹೋಯಿತು ಅಂತ ಇನ್ನೊಬ್ಬರು ಹೇಳಬಹುದು. ನಮ್ಮ ಆಟದ ಪಿರಿಯಡ್‌ನಲ್ಲಿಯೂ ಹೊಟ್ಟೆನೋವು ಅಂತ ಕೂತವರನ್ನು ನಾವು ನಂಬುವುದಿಲ್ಲ, ನಮಗೆ ನೋವಾದಾಗ ಮಾತ್ರ ಎಲ್ಲರೂ ನಂಬಬೇಕು.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ದತ್ತು ಅವರು ಹೋಗಲಿಲ್ಲ. ಅಲ್ಲಿ ಅರ್ಜುನ್ ಲಾಲ್ ಮತ್ತು ಅರವಿಂದ್ ಸಿಂಗ್ ಇಬ್ಬರ ಹಗುರ ತೂಕದ ದೋಣಿಯಲ್ಲಿ 11ನೇ ಸ್ಥಾನ ಪಡೆದರು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ರೋಯಿಂಗ್‌ನಲ್ಲಿ ಎರಡು ಬೆಳ್ಳಿ, ಮೂರು ಕಂಚು ಬಂದವು. ಕಂಚು ಗೆದ್ದ ನಾಲ್ವರ ದೋಣಿಯಲ್ಲಿ ಸುಖ್‌ಮೀತ್ ಸಿಂಗ್ ಇದ್ದರು, ಐದು ವರ್ಷದ ಹಿಂದೆ ದತ್ತು ಅವರ ಜೊತೆ ಚಿನ್ನದ ದೋಣಿಯಲ್ಲಿದ್ದವರು. 2024ರಲ್ಲಿ ಪ್ಯಾರಿಸ್‌ನ ಸಿಂಗಲ್ ಸ್ಕಲ್ಸ್‌ಗೆ ಬಲರಾಜ್ ಪನ್ವಾರ್ ಹೋಗಿ 23ನೆಯವರಾದರು. ಈಗ ಆ ಸಾಲು 21, 16, 13, 23 ಎಂದಾಗಿದೆ. ನಡುವೆ ಟೋಕಿಯೊದ ಜಾಗ ಖಾಲಿ, ಆ ವರ್ಷ ಸಿಂಗಲ್ ಸ್ಕಲ್ಸ್‌ನಲ್ಲಿ ನಮ್ಮವರು ಯಾರೂ ಇರಲಿಲ್ಲ.